ಕ್ಷಯ ಮತ್ತು ವಂಶವಾಹಿ: ಆರೋಗ್ಯ ನೀತಿ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕ್ಷಯರೋಗ ನಿಯಂತ್ರಣದ ಕಾರ್ಯಕ್ರಮಗಳನ್ನು ರೂಪಿಸುವ ಆರೋಗ್ಯ ಇಲಾಖೆಗಳಿಗೆ, ವೈದ್ಯಕೀಯ ಸಂಶೋಧನೆಗೆ ಅನುದಾನ ಹಂಚುವ ಸಂಸ್ಥೆಗಳಿಗೆ ಮತ್ತು ಈ ರೋಗದ ಬಗ್ಗೆ ಜನರಿಗೆ ತಿಳಿವಳಿಕೆ ನೀಡುವ ಹೊಣೆ ಹೊತ್ತವರಿಗೆ ಎದೆರೋಗಗಳ ವೈದ್ಯನೊಬ್ಬ ಬರೆಯುತ್ತಿರುವ ಪತ್ರವಿದು. ಡಿಎನ್‌ಎ ಓದುವ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹಾಗೆ ಇಳಿದಂತೆಲ್ಲ, ಯಾರಿಗೆ ಕ್ಷಯ ಬರಬಹುದು ಎಂಬುದನ್ನು ವಂಶವಾಹಿಗಳನ್ನು ನೋಡಿಯೇ ಹೇಳಿಬಿಡಬಹುದಲ್ಲವೇ ಎಂಬ ಪ್ರಶ್ನೆಯನ್ನು ರೋಗಿಗಳ ಮನೆಯವರಿಂದಲೂ ಕಿರಿಯ ವೈದ್ಯರಿಂದಲೂ ನಾನು ಹೆಚ್ಚು ಹೆಚ್ಚಾಗಿ ಕೇಳುತ್ತಿದ್ದೇನೆ. ಈ ಪ್ರಶ್ನೆಯ ಹಿಂದೆ ನಿಜವಾದ ವಿಜ್ಞಾನವಿದೆ, ಅದರ ಜೊತೆಗೆ ಬಹಳ ಹಳೆಯದಾದ ಒಂದು ಅಪಾಯವೂ ಇದೆ. ಎರಡನ್ನೂ ನಿಮ್ಮ ಮುಂದಿಟ್ಟು, ಕೆಲವು ನಿರ್ದಿಷ್ಟ ಕ್ರಮಗಳನ್ನು ಕೋರುವುದು ಈ ಪತ್ರದ ಉದ್ದೇಶ.

ಹಲವು ವರ್ಷಗಳ ಹಿಂದೆ ತಾಯಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳನ್ನು ನನ್ನ ಬಳಿಗೆ ಕರೆತಂದಿದ್ದರು. ದೊಡ್ಡವನಿಗೆ ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಮೈಯೆಲ್ಲ ಬೆವರು. ಅವನ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿಯ ಮಬ್ಬು, ಆ ಮಬ್ಬಿನ ನಡುವೆ ನಾಣ್ಯದಗಲದ ಕಪ್ಪು ಕುಳಿ ಕಂಡಿತು. ಕಫದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ಸಣ್ಣ ಕಡ್ಡಿಗಳು, ಕೆಲವು ಒಂಟಿಯಾಗಿ, ಕೆಲವು ಒಂದರ ಮೇಲೊಂದು ಅಡ್ಡ ಬಿದ್ದಂತೆ, ಸ್ಲೈಡನ್ನು ಎತ್ತ ಸರಿಸಿದರೂ ಕಾಣುತ್ತಿದ್ದವು. ಚಿಕ್ಕವನು ಅದೇ ಕೋಣೆಯಲ್ಲಿ ಅಣ್ಣನ ಪಕ್ಕದಲ್ಲೇ ಮಲಗುತ್ತಿದ್ದವನು. ಅವನ ಎಕ್ಸ್‌ರೇ ಸ್ವಚ್ಛವಾಗಿತ್ತು. ಜೊತೆಗಿದ್ದವರಿಗೆ ತಡೆಗಟ್ಟುವ ಗುಳಿಗೆ ಕೊಡುವ ಕ್ರಮ ಆಗ ನಮ್ಮಲ್ಲಿ ತೀರ ಸಣ್ಣ ಮಕ್ಕಳಿಗಷ್ಟೇ ಇದ್ದುದರಿಂದ ಅವನಿಗೆ ಯಾವ ಔಷಧವೂ ದೊರೆಯಲಿಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಅವನಿಗೆ ರೋಗ ಬರಲಿಲ್ಲ. ಆ ತಾಯಿ ಎರಡು ಪ್ರಶ್ನೆ ಕೇಳಿದ್ದರು. ಮೊದಲನೆಯದನ್ನು ನೇರವಾಗಿಯೇ ಕೇಳಿದರು: “ಇಬ್ಬರೂ ನನ್ನ ಮಕ್ಕಳೇ ಡಾಕ್ಟ್ರೇ, ಇವನಿಗೆ ಬಂತು, ಅವನಿಗೆ ಯಾಕೆ ಬರಲಿಲ್ಲ?” ಎರಡನೆಯದನ್ನು ಮಕ್ಕಳು ಹೊರಗೆ ಹೋದ ಮೇಲೆ, ದನಿ ತಗ್ಗಿಸಿ ಕೇಳಿದರು: “ನಮ್ಮ ಮಾವನವರೂ ಇದರಲ್ಲೇ ಹೋದರು. ಇದು ನಮ್ಮ ವಂಶದಲ್ಲೇ ಇದೆಯಾ?” ಮೊದಲ ಪ್ರಶ್ನೆಗೆ ಅಂದು ನನ್ನ ಬಳಿ ತೃಪ್ತಿಕರವಾದ ಉತ್ತರವಿರಲಿಲ್ಲ. ಎರಡನೆಯದಕ್ಕೆ “ಇಲ್ಲಮ್ಮ, ಇದು ಗಾಳಿಯಲ್ಲಿ ಹರಡುವ ಸೋಂಕು” ಎಂದೆ. ಆ ಉತ್ತರ ಇಂದಿಗೂ ಸರಿ. ಆದರೆ ಅದು ಪೂರ್ತಿ ಉತ್ತರವಲ್ಲವೆಂಬುದು ಆಮೇಲಿನ ವರ್ಷಗಳಲ್ಲಿ ನನಗೆ ಸ್ಪಷ್ಟವಾಗುತ್ತ ಬಂದಿದೆ.

ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿಕೊಡುವವರೆಗೆ ಯುರೋಪಿನ ಎಷ್ಟೋ ವೈದ್ಯರು ಇದನ್ನು ವಂಶದಿಂದ ಬರುವ ರೋಗವೆಂದೇ ನಂಬಿದ್ದರು. ಒಂದೇ ಮನೆಯಲ್ಲಿ ಒಬ್ಬರ ಹಿಂದೊಬ್ಬರು ಸಾಯುವುದನ್ನು ಕಂಡವರು ಹಾಗೆ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಮನೆಯವರು ರಕ್ತವನ್ನು ಮಾತ್ರವಲ್ಲದೆ ಗಾಳಿಯನ್ನೂ ಹಂಚಿಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಸಿಕ್ಕ ಮೇಲೆ ಒಂದು ಒಗಟು ಬಿಡಿಸಿತು, ಇನ್ನೊಂದು ಎದ್ದು ನಿಂತಿತು. ಜಗತ್ತಿನ ಸುಮಾರು ಕಾಲು ಭಾಗದಷ್ಟು ಜನರಿಗೆ ಈ ಸೋಂಕು ತಗುಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗೆ ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಶೇಕಡಾ 5ರಿಂದ 10ರಷ್ಟು ಮಾತ್ರ. ಆ ಸಣ್ಣ ಪಾಲೇ 2023ರಲ್ಲಿ ಸುಮಾರು 1 ಕೋಟಿ 8 ಲಕ್ಷ ಹೊಸ ರೋಗಿಗಳಾಗಿ, ಸುಮಾರು 12.5 ಲಕ್ಷ ಸಾವುಗಳಾಗಿ ಪರಿಣಮಿಸಿತು. ಉಳಿದ ಶೇಕಡಾ 90ಕ್ಕೂ ಹೆಚ್ಚು ಜನರ ದೇಹ ಅದೇ ಬ್ಯಾಕ್ಟೀರಿಯಾವನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಕ್ಷಯದ ಬಗ್ಗೆ ಕೇಳಬಹುದಾದ ಅತ್ಯಂತ ಮುಖ್ಯವಾದ ಪ್ರಶ್ನೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಯಾರೂ ಬಯಸದ ಒಂದು ದುರಂತ ತೋರಿಸಿಕೊಟ್ಟಿದೆ. 1929-30ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ 251 ನವಜಾತ ಶಿಶುಗಳಿಗೆ ಬಾಯಿಯ ಮೂಲಕ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಲಾಯಿತು. ಪ್ರಯೋಗಾಲಯದಲ್ಲಿ ನಡೆದ ಪ್ರಮಾದದಿಂದ ಆ ಲಸಿಕೆಯಲ್ಲಿ ನಿಜವಾದ, ರೋಗ ತರುವ ಕ್ಷಯದ ಬ್ಯಾಕ್ಟೀರಿಯಾ ಬೆರೆತಿತ್ತು. 72 ಶಿಶುಗಳು ಕ್ಷಯದಿಂದ ಸತ್ತವು. ಬಹುಪಾಲು ಶಿಶುಗಳಲ್ಲಿ ರೋಗದ ಚಿಹ್ನೆ ಕಂಡಿತು, ಆದರೆ ಅವು ಬದುಕಿದವು. ಇನ್ನು ಕೆಲವಕ್ಕೆ ಏನೂ ಆಗಲಿಲ್ಲ. ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲವದು, ಮಕ್ಕಳಿಗೆ ಕೆಲವೇ ದಿನಗಳ ವಯಸ್ಸು. ಬೇರೆ ಬೇರೆ ಸಲ ತಯಾರಿಸಿದ ಲಸಿಕೆಯಲ್ಲಿ ಕಲಬೆರಕೆ ಒಂದೇ ಪ್ರಮಾಣದಲ್ಲಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ, ಹಾಗಾಗಿ ಎಲ್ಲವನ್ನೂ ವಂಶವಾಹಿಗಳ ಲೆಕ್ಕಕ್ಕೆ ಬರೆಯಲಾಗದು. ಆದರೂ ಮನುಷ್ಯನಿಂದ ಮನುಷ್ಯನಿಗೆ ತಡೆಯುವ ಶಕ್ತಿ ಬಹಳವಾಗಿ ಬದಲಾಗುತ್ತದೆ ಎಂದು ಹೇಳುವಾಗ ಈ ಮಕ್ಕಳನ್ನು ನೆನೆಯದೆ ಇರಲು ನನಗೆ ಸಾಧ್ಯವಾಗಿಲ್ಲ.

ಅವಳಿಗಳ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿದವು. ಬ್ರಿಟನ್ನಿನ ಪ್ರಾಫಿಟ್ ಸಮೀಕ್ಷೆಯಲ್ಲಿ ಒಬ್ಬರಿಗೆ ಕ್ಷಯ ಬಂದಿದ್ದ ಅವಳಿಗಳನ್ನು ಗಮನಿಸಿದಾಗ, ತದ್ರೂಪಿ ಅವಳಿಗಳಲ್ಲಿ ಇನ್ನೊಬ್ಬರಿಗೂ ರೋಗ ಬಂದದ್ದು ಶೇಕಡಾ 31ರಷ್ಟು, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇಕಡಾ 15ರಷ್ಟು. 1978ರಲ್ಲಿ ಜಾರ್ಜ್ ಕಾಮ್‌ಸ್ಟಾಕ್ ಅವರು ವಯಸ್ಸು, ಸಂಪರ್ಕದ ಅವಧಿ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದೇ ಅಂಕಿಗಳನ್ನು ಮತ್ತೆ ವಿಶ್ಲೇಷಿಸಿ, ಅನುವಂಶೀಯತೆಗೆ ಪಾತ್ರವಿದೆ ಎಂದರು. 2007ರಲ್ಲಿ ಮತ್ತೊಂದು ತಂಡ ಅದೇ ದಾಖಲೆಗಳನ್ನು ತಿರುಗಿ ನೋಡಿ, ಪರಿಸರದ ಪಾತ್ರ ಅದಕ್ಕಿಂತ ದೊಡ್ಡದು ಎಂದಿತು. ಇವು ಒಂದನ್ನೊಂದು ಸುಳ್ಳಾಗಿಸುವ ಮಾತುಗಳೆಂದು ನನಗನಿಸುವುದಿಲ್ಲ. ತದ್ರೂಪಿ ಅವಳಿಗಳಲ್ಲೂ ಮೂರರಲ್ಲಿ ಎರಡು ಪಾಲು ಜೋಡಿಗಳಲ್ಲಿ ಎರಡನೆಯವರಿಗೆ ರೋಗ ಬರಲಿಲ್ಲ ಎಂಬುದನ್ನು ಓದುವಾಗಲೆಲ್ಲ, ಡಿಎನ್‌ಎಯನ್ನು ಹಣೆಬರಹವೆಂದು ಬಗೆಯುವವರ ಮುಂದೆ ಆ ಒಂದು ಅಂಕಿಯನ್ನು ಇಡಬೇಕೆನಿಸುತ್ತದೆ.

ದೇಹದೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಉಸಿರಿನೊಂದಿಗೆ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶ ನುಂಗುತ್ತದೆ. ಬೇರೆ ಎಷ್ಟೋ ಸೂಕ್ಷ್ಮಜೀವಿಗಳು ಅಲ್ಲೇ ಜೀರ್ಣವಾಗಿಬಿಡುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಹಾಗಲ್ಲ, ತನ್ನನ್ನು ನುಂಗಿದ ಕೋಶದೊಳಗೇ ಮನೆಮಾಡಿಕೊಂಡು ಬೆಳೆಯಬಲ್ಲದು. ಆಗ ಮ್ಯಾಕ್ರೋಫೇಜ್ ಇಂಟರ್‌ಲ್ಯೂಕಿನ್-12 ಎಂಬ ರಾಸಾಯನಿಕ ಸಂದೇಶವನ್ನು ಹೊರಡಿಸುತ್ತದೆ. ಅದನ್ನು ಗ್ರಹಿಸಿದ ಟಿ ಕೋಶಗಳು ಇಂಟರ್‌ಫೆರಾನ್ ಗ್ಯಾಮಾ ಎಂಬ ಮರುಸಂದೇಶ ಕಳುಹಿಸುತ್ತವೆ. ಅದು ತಲುಪಿದ ಮೇಲೆ ಮ್ಯಾಕ್ರೋಫೇಜ್ ತನ್ನೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕಸುವು ಪಡೆಯುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಸಂದೇಶವಾಹಕ, ಬ್ಯಾಕ್ಟೀರಿಯಾದ ಸುತ್ತ ಕೋಶಗಳು ಕಟ್ಟಿದ ಗಂಟು ಒಡೆಯದಂತೆ ಕಾಯುತ್ತದೆ. ಇದು ಬರಿಯ ಊಹೆಯಲ್ಲ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅಂದರೆ 2001ರ ಹೊತ್ತಿಗೆ, ಅದನ್ನು ಪಡೆದವರಲ್ಲಿ ಕ್ಷಯ ಎದ್ದ 70 ಪ್ರಕರಣಗಳು ವರದಿಯಾದವು. ಹಲವರಿಗೆ ಎರಡು ಮೂರು ಬಾರಿ ಔಷಧ ಏರಿಸುವಷ್ಟರಲ್ಲೇ ರೋಗ ಕಾಣಿಸಿತು. ಈ ಸರಪಣಿಯ ಒಂದೊಂದು ಕೊಂಡಿಗೂ ಒಂದೊಂದು ವಂಶವಾಹಿಯಲ್ಲಿ ನಕ್ಷೆಯಿದೆ. ಆ ನಕ್ಷೆಯಲ್ಲಿ ಅಕ್ಷರವೊಂದು ತಪ್ಪಿದ್ದರೆ ಕೊಂಡಿ ಸಡಿಲವಾಗುತ್ತದೆ ಅಥವಾ ಪೂರ್ತಿ ಕಳಚುತ್ತದೆ.

ಪೂರ್ತಿ ಕಳಚಿದ ಸ್ಥಿತಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಐದು ತಿಂಗಳ ಹೆಣ್ಣುಮಗು. ಹುಟ್ಟಿದ ವಾರದಲ್ಲಿ ಎಲ್ಲ ಮಕ್ಕಳಂತೆ ಎಡತೋಳಿಗೆ ಬಿಸಿಜಿ ಹಾಕಲಾಗಿತ್ತು. ಚುಚ್ಚಿದ ಜಾಗ ಒಣಗಿರಲಿಲ್ಲ, ಕಂಕುಳಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ, ಪಿತ್ತಜನಕಾಂಗ ಗುಲ್ಮಗಳೆರಡೂ ಊದಿದ್ದವು, ಜ್ವರ ಬಿಡುತ್ತಿರಲಿಲ್ಲ. ಎಂಥ ಆರೋಗ್ಯವಂತ ಮಗುವಿಗೂ ತೊಂದರೆ ಕೊಡದಷ್ಟು ದುರ್ಬಲಗೊಳಿಸಿದ ಲಸಿಕೆಯ ಬ್ಯಾಕ್ಟೀರಿಯಾವೇ ಆ ಮಗುವಿನ ಮೈತುಂಬ ಹರಡಿತ್ತು. ವಿವರ ಬರೆದುಕೊಳ್ಳುವಾಗ ತಾಯಿ ಹೇಳಿದರು: ಮೊದಲ ಮಗುವೂ ಆರು ತಿಂಗಳು ತುಂಬುವ ಮೊದಲು ಇದೇ ರೀತಿ ಜ್ವರ ಬಂದು ತೀರಿಕೊಂಡಿತ್ತು, ಆಗ ಆಸ್ಪತ್ರೆಯೊಂದರಲ್ಲಿ ಅದನ್ನು ಸಾಮಾನ್ಯ ಸೋಂಕೆಂದು ಬರೆದು ಮುಗಿಸಿದ್ದರು. ಯಾರೂ “ಯಾಕೆ?” ಎಂದು ಕೇಳಿರಲಿಲ್ಲ. ಕೇಳಿದ್ದರೆ, ಎರಡನೆಯ ಮಗುವಿಗೆ ಆ ಲಸಿಕೆ ಹಾಕುವ ಮುನ್ನ ಒಮ್ಮೆ ನಿಂತು ಯೋಚಿಸುತ್ತಿದ್ದರು. ಇಷ್ಟು ವರ್ಷಗಳ ನಂತರವೂ ಆ ತಾಯಿ ಮಗುವಿನ ಕಂಕುಳಿಗೆ ತನ್ನ ಸೆರಗನ್ನು ಒತ್ತಿ ಹಿಡಿದು ಕುಳಿತಿದ್ದುದು ನನ್ನ ಕಣ್ಣಿಂದ ಹೋಗಿಲ್ಲ.

ಇಂಥ ಮಕ್ಕಳ ವಿಷಯದಲ್ಲಿ ವಿಜ್ಞಾನ ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಇಂಟರ್‌ಫೆರಾನ್ ಗ್ಯಾಮಾವನ್ನು ಗ್ರಹಿಸುವ ಗ್ರಾಹಕದ, ಅಂದರೆ ಜೀವಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನಿನ, ವಂಶವಾಹಿಯಲ್ಲೇ ದೋಷವಿರುವ ಮಕ್ಕಳನ್ನು 1996ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಗುರುತಿಸಿದವು. ಜಾನ್-ಲಾರೆಂಟ್ ಕಸಾನೋವಾ ಅವರ ತಂಡ ಅವುಗಳಲ್ಲೊಂದು. ಎರಡು ವರ್ಷಗಳಲ್ಲಿ ಇಂಟರ್‌ಲ್ಯೂಕಿನ್-12 ಮತ್ತು ಅದರ ಗ್ರಾಹಕದ ದೋಷಗಳೂ ಸಿಕ್ಕವು. ಆಮೇಲೆ ಇದೇ ಸರಪಣಿಗೆ ಸೇರಿದ ಇನ್ನೂ ಹಲವು ವಂಶವಾಹಿಗಳು ಪಟ್ಟಿಗೆ ಬಂದಿವೆ. ಕೊಂಡಿ ಯಾವುದೆಂದು ತಿಳಿದರೆ ಚಿಕಿತ್ಸೆಯೂ ಬದಲಾಗುತ್ತದೆ: ಇಂಟರ್‌ಲ್ಯೂಕಿನ್-12ರ ಕಡೆ ದೋಷವಿದ್ದರೆ ಕ್ಷಯದ ಔಷಧಗಳ ಜೊತೆ ಇಂಟರ್‌ಫೆರಾನ್ ಗ್ಯಾಮಾ ಚುಚ್ಚುಮದ್ದು ಕೊಟ್ಟು ಕೊರತೆ ತುಂಬಬಹುದು, ಅದನ್ನು ಗ್ರಹಿಸುವ ಗ್ರಾಹಕವೇ ಪೂರ್ತಿ ಇಲ್ಲದಿದ್ದರೆ ಆ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ, ಅಸ್ಥಿಮಜ್ಜೆಯ ಕಸಿಯ ಬಗ್ಗೆ ಯೋಚಿಸಬೇಕಾಗುತ್ತದೆ. ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾ ಮೈಯಲ್ಲಿ ಹರಡಿದ ಪ್ರತಿ ಮಗುವಿಗೂ, ಶೈಶವದಲ್ಲೇ ಮೆದುಳಿಗೆ ಅಥವಾ ಮೈತುಂಬ ಕ್ಷಯ ಹರಡಿ ಬೇರೆ ಕಾರಣ ಸಿಗದ ಮಗುವಿಗೂ ರೋಗನಿರೋಧಕ ಶಕ್ತಿಯ ತಪಾಸಣೆ ಮತ್ತು ವಂಶವಾಹಿ ಪರೀಕ್ಷೆ ಸಾರ್ವಜನಿಕ ವ್ಯವಸ್ಥೆಯಲ್ಲೇ ಉಚಿತವಾಗಿ ದೊರೆಯಲಿ; ಆ ಫಲಿತಾಂಶ ಕೈಗೆ ಬರುವವರೆಗೆ ಅದೇ ತಾಯಿಯ ಮುಂದಿನ ಮಗುವಿಗೆ ಬಿಸಿಜಿಯನ್ನು ತಡೆಹಿಡಿಯುವ ಸ್ಪಷ್ಟ ಸೂಚನೆ ಲಸಿಕೆ ಹಾಕುವ ದಾದಿಯವರೆಗೂ ತಲುಪಲಿ. ಇಂಥ ಮಕ್ಕಳು ವಿರಳ. ಉಳಿದೆಲ್ಲ ಮಕ್ಕಳಿಗೆ ಮೆದುಳಿನ ಕ್ಷಯದಂಥ ಘೋರ ರೂಪಗಳಿಂದ ಬಿಸಿಜಿ ರಕ್ಷಣೆ ಕೊಡುತ್ತದೆ, ಹಾಗಾಗಿ ಈ ಮಾತನ್ನು ಲಸಿಕೆಯ ವಿರುದ್ಧದ ಮಾತೆಂದು ದಯವಿಟ್ಟು ಯಾರೂ ಭಾವಿಸಬಾರದು.

ವಿರಳ ದೋಷಕ್ಕೂ ಸರ್ವೇಸಾಮಾನ್ಯ ವ್ಯತ್ಯಾಸಕ್ಕೂ ನಡುವೆ ನಿಲ್ಲುವ ಒಂದು ಉದಾಹರಣೆ ನನಗೆ ಬಹಳ ಮಹತ್ವದ್ದಾಗಿ ಕಂಡಿದೆ. ಟಿವೈಕೆ2 ಎಂಬ ವಂಶವಾಹಿಯ ಒಂದು ನಿರ್ದಿಷ್ಟ ಮಾರ್ಪಾಡು ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ, ಇಂಟರ್‌ಲ್ಯೂಕಿನ್-23 ಎಂಬ ಮತ್ತೊಂದು ರಾಸಾಯನಿಕ ಸಂದೇಶಕ್ಕೆ ಉತ್ತರವಾಗಿ ಇಂಟರ್‌ಫೆರಾನ್ ಗ್ಯಾಮಾ ತಯಾರಿಸುವ ಶಕ್ತಿ ಕುಗ್ಗುತ್ತದೆ ಮತ್ತು ಕ್ಷಯದ ಸಾಧ್ಯತೆ ಹೆಚ್ಚುತ್ತದೆ ಎಂದು 2018ರಲ್ಲಿ ತಿಳಿದುಬಂತು. ಯುರೋಪ್ ಮೂಲದವರಲ್ಲಿ ಸುಮಾರು 600 ಜನರಿಗೆ ಒಬ್ಬರಲ್ಲಿ ಈ ಜೋಡಿ ಮಾರ್ಪಾಡು ಇದೆ. ಪ್ರಾಚೀನ ಮಾನವರ ಮೂಳೆಗಳಿಂದ ತೆಗೆದ ಡಿಎನ್‌ಎಯನ್ನು ಹೋಲಿಸಿದಾಗ, ಕಳೆದ ಸುಮಾರು 2000 ವರ್ಷಗಳಲ್ಲಿ ಯುರೋಪಿನಲ್ಲಿ ಈ ಮಾರ್ಪಾಡು ಗಣನೀಯವಾಗಿ ಕಡಿಮೆಯಾಗುತ್ತ ಬಂದಿರುವುದು ಕಂಡಿತು. ಅದನ್ನು ಹೊತ್ತವರನ್ನು ಕ್ಷಯ ತಲೆಮಾರುಗಳ ಕಾಲ ಆರಿಸಿ ಆರಿಸಿ ಕೊಂದಿತು ಎಂಬುದು ಸಂಶೋಧಕರ ತೀರ್ಮಾನ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಇದೇ ಮಾರ್ಪಾಡು ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಹಲವು ರೋಗಗಳಿಂದ ರಕ್ಷಣೆಯನ್ನೂ ಕೊಡುತ್ತದೆ. ಹಾಗಿರುವಾಗ ಇದನ್ನು “ಕೆಟ್ಟ ಜೀನ್” ಎಂದು ಕರೆಯಲು ಯಾವ ಆಧಾರವಿದೆ?

ಸಾಮಾನ್ಯ ಜನರಲ್ಲಿ ಹರಡಿಕೊಂಡಿರುವ ಸಣ್ಣ ಸಣ್ಣ ವ್ಯತ್ಯಾಸಗಳ ವಿಷಯಕ್ಕೆ ಬಂದರೆ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಇಲಿಗಳಲ್ಲಿ ಬಿಸಿಜಿ ಬ್ಯಾಕ್ಟೀರಿಯಾವನ್ನು ತಡೆಯುವ ವಂಶವಾಹಿಯನ್ನು 1993ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿಗಳು ಪತ್ತೆಮಾಡಿದರು. ಅದಕ್ಕೆ ಸಮನಾದ ಮನುಷ್ಯರ ವಂಶವಾಹಿಯ ಕೆಲವು ರೂಪಗಳಿಗೂ ಕ್ಷಯಕ್ಕೂ ನಂಟಿದೆ ಎಂದು 1998ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ವರದಿ ಬಂತು. ಬೇರೆ ಕಡೆ ಹುಡುಕಿದಾಗ ಆ ನಂಟು ಕೆಲವು ಜನಸಮುದಾಯಗಳಲ್ಲಿ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ವಿಟಮಿನ್ ಡಿಯನ್ನು ಗ್ರಹಿಸುವ ಗ್ರಾಹಕದ ವಂಶವಾಹಿಯ ಕಥೆಯೂ ಹೆಚ್ಚುಕಡಿಮೆ ಅದೇ. ಇಡೀ ಜೀನೋಮನ್ನೇ, ಅಂದರೆ ಮನುಷ್ಯನ ಎಲ್ಲ ಡಿಎನ್‌ಎಯನ್ನೂ, ಜಾಲಾಡುವ ವಿಧಾನ ಬಂದ ಮೇಲೆ 2010ರಲ್ಲಿ ಘಾನಾ ಮತ್ತು ಗ್ಯಾಂಬಿಯಾಗಳಿಂದ, 2015ರಲ್ಲಿ ರಷ್ಯಾದಿಂದ, 2016ರಲ್ಲಿ ಐಸ್‌ಲ್ಯಾಂಡಿನಿಂದ ಒಂದೊಂದು ವರದಿ ಬಂದವು, ಒಂದೊಂದೂ ಬೇರೆ ಬೇರೆ ಜಾಗವನ್ನು ತೋರಿಸಿತು. ಕೊನೆಗೆ 2024ರಲ್ಲಿ 14,000ಕ್ಕೂ ಹೆಚ್ಚು ರೋಗಿಗಳನ್ನು ಮತ್ತು 19,000ಕ್ಕೂ ಹೆಚ್ಚು ರೋಗವಿಲ್ಲದವರನ್ನು ಒಟ್ಟಿಗೆ ಸೇರಿಸಿ ನೋಡಿದ ಅಂತರರಾಷ್ಟ್ರೀಯ ವಿಶ್ಲೇಷಣೆಯಲ್ಲಿ, ಎಲ್ಲ ಸಮುದಾಯಗಳನ್ನೂ ಕೂಡಿಸಿದಾಗ ಗಟ್ಟಿಯಾಗಿ ನಿಂತದ್ದು ಒಂದೇ ಒಂದು ಜಾಗ: ಬ್ಯಾಕ್ಟೀರಿಯಾದ ತುಣುಕುಗಳನ್ನು ಟಿ ಕೋಶಗಳಿಗೆ ಎತ್ತಿ ತೋರಿಸುವ ಎಚ್‌ಎಲ್‌ಎ ವಂಶವಾಹಿಗಳ ಪ್ರದೇಶ.

ಇಷ್ಟು ಶ್ರಮಕ್ಕೆ ಇಷ್ಟೇ ಫಲವೇ ಎಂದು ಅನುದಾನ ನೀಡುವವರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಅಧ್ಯಯನಗಳ ವಿನ್ಯಾಸದಲ್ಲೇ ಇದೆ ಎಂದು ನಾನು ನಂಬುತ್ತೇನೆ. ಕ್ಷಯವಿಲ್ಲದವರು ಎಂದು ಪಟ್ಟಿಗೆ ಸೇರಿಸಿದ ವ್ಯಕ್ತಿಗೆ ಬ್ಯಾಕ್ಟೀರಿಯಾ ತಗುಲಿಯೇ ಇಲ್ಲದಿರಬಹುದು. ಎಂದೂ ಪರೀಕ್ಷೆಗೆ ಕೂರದವನನ್ನು ಪರೀಕ್ಷೆಯಲ್ಲಿ ಪಾಸಾದವನೆಂದು ಎಣಿಸಿದರೆ ಲೆಕ್ಕ ತಪ್ಪದೆ ಏನಾದೀತು? ಸೋಂಕು ತಗುಲುವುದನ್ನು ತಡೆಯುವ ಶಕ್ತಿ ಬೇರೆ, ತಗುಲಿದ ಸೋಂಕು ರೋಗವಾಗದಂತೆ ತಡೆಯುವ ಶಕ್ತಿ ಬೇರೆ, ಶ್ವಾಸಕೋಶದ ರೋಗ ಮೆದುಳಿಗೆ ಹರಡದಂತೆ ತಡೆಯುವುದು ಇನ್ನೂ ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ತೂಗಿದರೆ ಯಾವುದೂ ಸರಿಯಾಗಿ ತೂಗುವುದಿಲ್ಲ. ಬ್ಯಾಕ್ಟೀರಿಯಾದಲ್ಲೂ ಹಲವು ವಂಶಶಾಖೆಗಳಿವೆ, ಒಂದೊಂದು ಶಾಖೆ ಒಂದೊಂದು ಭೂಭಾಗದಲ್ಲಿ ಹೆಚ್ಚು. ರೋಗ ಹೆಚ್ಚಾಗಿರುವ ಜನಸಮುದಾಯಗಳ ಡಿಎನ್‌ಎ ಜಾಗತಿಕ ಜೀನೋಮ್ ಸಂಗ್ರಹಗಳಲ್ಲಿ ಇರುವುದೋ ಬಹಳ ಕಡಿಮೆ. ಆದ್ದರಿಂದ ಅನುದಾನ ಕೊಡುವಾಗ ಎಷ್ಟು ಸಾವಿರ ಜನರ ಡಿಎನ್‌ಎ ಸಂಗ್ರಹಿಸುತ್ತೀರಿ ಎಂದು ಕೇಳುವ ಮೊದಲು, ಅವರಲ್ಲಿ ಯಾರು ಎಷ್ಟು ದಿನ ಎಂಥ ರೋಗಿಯ ಜೊತೆ ಒಂದೇ ಗಾಳಿ ಉಸಿರಾಡಿದರು ಎಂಬುದನ್ನು ಹೇಗೆ ದಾಖಲಿಸುತ್ತೀರಿ ಎಂದು ಕೇಳಿ. ರೋಗಿಯ ಮನೆಯಲ್ಲೇ ತಿಂಗಳುಗಟ್ಟಲೆ ಇದ್ದರೂ ಚರ್ಮದ ಪರೀಕ್ಷೆಯಲ್ಲಾಗಲಿ ರಕ್ತದ ಪರೀಕ್ಷೆಯಲ್ಲಾಗಲಿ ಸೋಂಕಿನ ಸುಳಿವೇ ಕಾಣದ ಕೆಲವರಿದ್ದಾರೆ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಅಂಥವರ ಅಧ್ಯಯನ ನಡೆದಿದೆ. ಹೊಸ ಲಸಿಕೆಯ ಸುಳಿವು ರೋಗಿಗಳ ದೇಹಕ್ಕಿಂತ ಹೆಚ್ಚಾಗಿ ಅವರ ದೇಹದಲ್ಲಿ ಇರಬಹುದು ಎಂಬುದು ನನ್ನ ಅನಿಸಿಕೆ.

ಈಗ ನನ್ನ ಆತಂಕದ ವಿಷಯ. “ಕ್ಷಯದ ಜೀನ್ ಪರೀಕ್ಷೆ” ಎಂಬ ಹೆಸರಿನಲ್ಲಿ ಜನಸಾಮಾನ್ಯರನ್ನು ಹೆಚ್ಚು ಅಪಾಯದವರು, ಕಡಿಮೆ ಅಪಾಯದವರು ಎಂದು ವಿಂಗಡಿಸುವ ಯಾವ ಯೋಜನೆಗೂ ಇಂದಿನ ಜ್ಞಾನದಲ್ಲಿ ಆಧಾರವಿಲ್ಲ. ಅಂಥ ಪರೀಕ್ಷೆ ಹೇಳುವುದಕ್ಕಿಂತ ಎಷ್ಟೋ ಹೆಚ್ಚನ್ನು ಒಂದು ತೂಕದ ಯಂತ್ರ, ಒಂದು ಸಕ್ಕರೆ ಪರೀಕ್ಷೆ, ಒಂದು ಎಚ್‌ಐವಿ ಪರೀಕ್ಷೆ ಮತ್ತು “ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯೇ?” ಎಂಬ ಒಂದು ಪ್ರಶ್ನೆ ಹೇಳುತ್ತವೆ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರೇಷನ್ಸ್ ಎಂಬ ಪ್ರಯೋಗದಲ್ಲಿ, 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಗಮನಿಸಲಾಯಿತು. ಮನೆಮಂದಿಗೆಲ್ಲ ಹೆಚ್ಚುವರಿ ಆಹಾರ ಕೊಟ್ಟ ಗುಂಪಿನಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ತಗ್ಗಿತು. ಅವರ ವಂಶವಾಹಿಗಳನ್ನು ಯಾರೂ ಮುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು ಔಷಧ ಬರುವುದಕ್ಕೆ ಹಲವು ದಶಕಗಳ ಮೊದಲೇ ಇಳಿಯತೊಡಗಿದ್ದವು. ಎರಡು ಮೂರು ತಲೆಮಾರುಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಆ ಮಟ್ಟಿಗೆ ಬದಲಾಗಲು ಸಾಧ್ಯವಿಲ್ಲ. ವಂಶವಾಹಿ ಸಂಶೋಧನೆಗೆ ಕೊಡುವ ಹಣ ರೋಗಿಯ ಗುಳಿಗೆಯಿಂದಲೋ ಮನೆಮಂದಿಯ ತಪಾಸಣೆಯಿಂದಲೋ ಕಿತ್ತ ಹಣವಾಗದಂತೆ, ಅದಕ್ಕೆ ಪ್ರತ್ಯೇಕ ಬಾಬತ್ತು ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಆತಂಕಕ್ಕೆ ಇನ್ನೂ ಆಳವಾದ ಕಾರಣವಿದೆ, ಅದನ್ನು ಇತಿಹಾಸವೇ ಒದಗಿಸಿದೆ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಗಳಿಂದ ದೂರವಿಟ್ಟು ಓದಿಸುತ್ತಿದ್ದ ವಸತಿಶಾಲೆಗಳನ್ನು ಡಾಕ್ಟರ್ ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ ತಪಾಸಣೆ ಮಾಡಿ 1907ರಲ್ಲಿ ವರದಿ ಕೊಟ್ಟರು. ಮಾಹಿತಿ ದೊರೆತ 1,537 ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸತ್ತಿದ್ದರು, ಸಾವಿನ ಕಾರಣ ಹೆಚ್ಚುಕಡಿಮೆ ಎಲ್ಲೆಡೆ ಕ್ಷಯವೇ ಆಗಿತ್ತು. ಗಾಳಿಯಾಡದ ಮಲಗುವ ಕೋಣೆಗಳನ್ನು, ರೋಗವಿರುವ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳುವ ಪದ್ಧತಿಯನ್ನು ಬ್ರೈಸ್ ಬೆರಳಿಟ್ಟು ತೋರಿಸಿದರು. ಅವರ ಶಿಫಾರಸುಗಳು ಬಹುಮಟ್ಟಿಗೆ ಮೂಲೆಗೆ ಬಿದ್ದವು. ಆ ಜನರು ಹುಟ್ಟಿನಿಂದಲೇ ಕ್ಷಯಕ್ಕೆ ಈಡಾಗುವ ಜನಾಂಗ ಎಂಬ ಮಾತು ಆ ಕಾಲದ ಅಧಿಕಾರಿಗಳಿಗೂ ವೈದ್ಯರಿಗೂ ಬಹಳ ಅನುಕೂಲವಾಗಿತ್ತು, ಏಕೆಂದರೆ ರಕ್ತದ ಮೇಲೆ ತಪ್ಪು ಹೊರಿಸಿದರೆ ಕಿಟಕಿ ತೆರೆಯಬೇಕಾಗಿಲ್ಲ, ಹಾಸಿಗೆಗಳ ನಡುವೆ ಜಾಗ ಬಿಡಬೇಕಾಗಿಲ್ಲ, ಊಟ ಹೆಚ್ಚಿಸಬೇಕಾಗಿಲ್ಲ. “ಈ ಸಮುದಾಯದಲ್ಲಿ ವಂಶವಾಹಿ ಅಪಾಯ ಹೆಚ್ಚು” ಎಂಬ ವಾಕ್ಯ ನಾಳೆ ಯಾವುದಾದರೂ ಸರ್ಕಾರಿ ಕಡತದಲ್ಲಿ ಬರೆಯಲ್ಪಟ್ಟರೆ, ಅದರ ಪಕ್ಕದಲ್ಲಿ ಆ ಸಮುದಾಯದ ಮನೆಗಳಲ್ಲಿ ತಲೆಗೆ ಎಷ್ಟು ಅಡಿ ಜಾಗವಿದೆ, ತಟ್ಟೆಯಲ್ಲಿ ಏನಿದೆ ಎಂಬುದೂ ಬರೆದಿರಬೇಕೆಂದು ನಾನು ಒತ್ತಾಯಿಸುತ್ತೇನೆ.

ರೋಗಕ್ಕೆ ಈಡಾಗುವ ಪ್ರಶ್ನೆಯಿಂದ ತುಸು ಪಕ್ಕಕ್ಕಿದ್ದರೂ, ಈ ಹೊತ್ತಿಗೇ ರೋಗಿಗೆ ನೆರವಾಗಬಹುದಾದ ಒಂದು ವಂಶವಾಹಿಯನ್ನು ಇಲ್ಲಿ ಹೆಸರಿಸಲೇಬೇಕು. ಕ್ಷಯದ ಚಿಕಿತ್ಸೆಯಲ್ಲಿ ಬಳಸುವ ಐಸೋನಿಯಾಜಿಡ್ ಔಷಧವನ್ನು ದೇಹ ಎಷ್ಟು ಬೇಗ ಕರಗಿಸಿ ಹೊರಹಾಕುತ್ತದೆ ಎಂಬುದನ್ನು ಎನ್‌ಎಟಿ2 ಎಂಬ ವಂಶವಾಹಿ ನಿರ್ಧರಿಸುತ್ತದೆ. ನಿಧಾನವಾಗಿ ಕರಗಿಸುವವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾಗುವ ಸಾಧ್ಯತೆ ಹೆಚ್ಚು, ಬೇಗ ಕರಗಿಸುವವರಲ್ಲಿ ಔಷಧ ಸಾಲದೆ ಹೋಗಬಹುದು. ನಿಧಾನಿಗಳ ಪ್ರಮಾಣ ಯುರೋಪಿನವರಲ್ಲಿ ಅರ್ಧದಷ್ಟಿದ್ದರೆ ಜಪಾನಿನಲ್ಲಿ ಹತ್ತರಲ್ಲಿ ಒಂದರಷ್ಟು. ಜಪಾನಿನಲ್ಲೇ ಈ ವಂಶವಾಹಿಯನ್ನು ನೋಡಿ ಐಸೋನಿಯಾಜಿಡ್ ಪ್ರಮಾಣ ನಿಗದಿಪಡಿಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಗಿ, ಹಾಗೆ ಮಾಡಿದಾಗ ಪಿತ್ತಜನಕಾಂಗದ ತೊಂದರೆಯೂ ಚಿಕಿತ್ಸೆಯ ಆರಂಭದ ವೈಫಲ್ಯವೂ ತಗ್ಗಿದ್ದನ್ನು ತೋರಿಸಿತು. ಕಾಮಾಲೆಯಾಯಿತೆಂದು ನಡುವೆಯೇ ಗುಳಿಗೆ ಬಿಟ್ಟು, ಮತ್ತೆ ಕೆಮ್ಮುತ್ತ ಬಂದ ರೋಗಿಗಳನ್ನು ಕಂಡಿರುವ ನನಗೆ, ಇಂಥ ದೊಡ್ಡ ಪ್ರಯೋಗಗಳು ಬೇರೆ ಬೇರೆ ಜನಸಮುದಾಯಗಳಲ್ಲಿ ನಡೆಯುವುದು ತೀರ ಜರೂರೆನಿಸುತ್ತದೆ.

ಸಂಶೋಧನೆಗೆ ರಕ್ತ ಕೊಡುವವರ ಬಗ್ಗೆಯೂ ಒಂದು ಮಾತು. ಅವರಲ್ಲಿ ಬಹುಮಂದಿ ಬಡವರು, ಚಿಕಿತ್ಸೆಯ ಋಣದಲ್ಲಿ ಇರುವವರು; ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಗುಳಿಗೆ ನಿಂತೀತೆಂಬ ಭಯ ಅವರಿಗಿರುತ್ತದೆ. ಅವರ ಭಾಷೆಯಲ್ಲಿ, ಅವರಿಗೆ ತಿಳಿಯುವಂತೆ ಹೇಳಿ, ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟು ಪಡೆದದ್ದಷ್ಟೇ ಒಪ್ಪಿಗೆ. ಅವರ ಡಿಎನ್‌ಎ ವಿವರ ವಿಮಾ ಕಂಪನಿಗಾಗಲಿ ಕೆಲಸ ಕೊಡುವವರಿಗಾಗಲಿ ಸಿಗದಂತೆ ಕಾನೂನಿನ ರಕ್ಷಣೆ ಇರಬೇಕು.

ಕೊನೆಯದಾಗಿ, ಜನರಿಗಾಗಿ ನೀವು ಅಚ್ಚು ಹಾಕಿಸುವ ತಿಳಿವಳಿಕೆ ಪತ್ರಗಳಲ್ಲಿ “ಕ್ಷಯ ವಂಶಪಾರಂಪರ್ಯವಲ್ಲ” ಎಂಬ ಒಂದೇ ಸಾಲು ಇರುವುದನ್ನು ನೋಡಿದ್ದೇನೆ. ಅದನ್ನು ತೆಗೆಯಬೇಡಿ. ಅದರ ಕೆಳಗೆ ಇಷ್ಟನ್ನು ಸೇರಿಸಿ: ಕ್ಷಯ ಬರುವುದು ಬ್ಯಾಕ್ಟೀರಿಯಾದಿಂದ, ಅದನ್ನು ತಡೆಯುವ ಶಕ್ತಿ ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ, ನಿಮ್ಮ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಅದು ನಿಮ್ಮ ವಂಶದ ಕಳಂಕವಲ್ಲ, ಮನೆಯ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಲು ಅದು ಕಾರಣ, ಯಾವ ವಂಶದವರಿಗೆ ಬಂದರೂ ಗುಳಿಗೆಗಳನ್ನು ಪೂರ್ತಿ ಅವಧಿಗೆ ತೆಗೆದುಕೊಂಡರೆ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. ದನಿ ತಗ್ಗಿಸಿ ಕೇಳಿದ ಆ ತಾಯಿಗೆ ನಾನು ಅಂದು ಹೇಳಬೇಕಾಗಿದ್ದುದು ಇದನ್ನೇ. ಅವರ ದೊಡ್ಡ ಮಗ ಆರು ತಿಂಗಳು ತಪ್ಪದೆ ಗುಳಿಗೆ ನುಂಗಿ ಗುಣವಾದ. ಕೊನೆಯ ಭೇಟಿಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಆ ಕುಳಿಯಿದ್ದ ಜಾಗದಲ್ಲಿ ತೆಳ್ಳನೆಯ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಎದೆರೋಗಗಳ ವೈದ್ಯ